ಡಿಸ್ಕನ್ನು ಬೈಯುವ ಮುಂಚೆ

ಮನೆಯಲ್ಲಿ ಸರ್ವರ್ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಈ ಸುದ್ದಿ ಬಂದೇ ಬರುತ್ತದೆ: ಒಂದು ಹಾರ್ಡ್ ಡಿಸ್ಕ್ ಕಾಣಿಸುತ್ತಿಲ್ಲ. ರಾತ್ರಿ ಮಲಗುವಾಗ ಇತ್ತು, ಬೆಳಿಗ್ಗೆ ಎದ್ದು ನೋಡಿದರೆ ಇಲ್ಲ. ಹಲವು ಡಿಸ್ಕುಗಳನ್ನು ಒಂದಾಗಿ ಸೇರಿಸಿ, ಒಂದು ಹೋದರೂ ಡೇಟಾ ಉಳಿಯುವಂತೆ ಮಾಡುವ ರೇಡ್ ವ್ಯವಸ್ಥೆ ‘ಡಿಗ್ರೇಡೆಡ್’, ಅಂದರೆ ಒಂದು ಡಿಸ್ಕ್ ಕಡಿಮೆಯಿದೆ, ಅನ್ನುತ್ತಿದೆ. ವರ್ಷಗಟ್ಟಲೆ ಕೂಡಿಟ್ಟ ಫೋಟೊ, ವಿಡಿಯೊ, ಸ್ಕ್ಯಾನ್ ಮಾಡಿಟ್ಟ ಕಾಗದಪತ್ರ ಎಲ್ಲ ಅದರಲ್ಲೇ ಇರುವುದರಿಂದ ಎದೆ ಧಸಕ್ ಅನ್ನುವುದು ಸಹಜ. ಆ ಗಾಬರಿಯಲ್ಲಿ ಹೆಚ್ಚಿನವರು ತಕ್ಷಣ ಹೊಸ ಡಿಸ್ಕ್ ಆರ್ಡರ್ ಮಾಡುತ್ತಾರೆ. ಅದು ಕೈಗೆ ಬಂದ ಕೂಡಲೇ ಹಳೆಯದನ್ನು ಕಿತ್ತು, ಹೊಸದನ್ನು ಕೂರಿಸಿ, ಉಳಿದ ಡಿಸ್ಕುಗಳಿಂದ ಅದಕ್ಕೆ ಡೇಟಾ ತುಂಬಿಸುವ ರೀಬಿಲ್ಡ್ ಶುರು ಮಾಡುತ್ತಾರೆ.

ನಾನು ಹೇಳಬೇಕೆಂದಿರುವುದು ಇದು: ಡಿಸ್ಕ್ ಕಾಣೆಯಾಗುವುದು ಬೇರೆ, ಡಿಸ್ಕ್ ಕೆಡುವುದು ಬೇರೆ. ಸಿಸ್ಟಮ್‌ಗೆ ಗೊತ್ತಾಗುವುದು ಇಷ್ಟೇ. ತಾನು ಕೇಳಿದೆ, ಉತ್ತರ ಬರಲಿಲ್ಲ. ಯಾಕೆ ಬರಲಿಲ್ಲ ಅಂತ ಅದಕ್ಕೆ ಗೊತ್ತಿಲ್ಲ. ಡಿಸ್ಕಿನ ಒಳಗೇ ಏನಾದರೂ ಆಗಿರಬಹುದು. ಕೇಳಿದ ಮಾತು ಡಿಸ್ಕಿನವರೆಗೆ ಸರಿಯಾಗಿ ತಲುಪದೇ ಇರಬಹುದು. ಇಲ್ಲವೇ ಆ ಹೊತ್ತಿಗೆ ಡಿಸ್ಕಿಗೆ ಕರೆಂಟೇ ಸಾಲದೆ ಹೋಗಿರಬಹುದು. ಹೊರಗೆ ಕಾಣುವ ಲಕ್ಷಣ ಮೂರಕ್ಕೂ ಒಂದೇ. ಆದರೆ ಮೊದಲನೆಯದಕ್ಕೆ ಹೊಸ ಡಿಸ್ಕ್ ಬೇಕು, ಎರಡನೆಯದಕ್ಕೆ ಒಂದು ಕೇಬಲ್ ಸಾಕು. ಮೂರನೆಯದರಲ್ಲಿ ಹೊಸ ಡಿಸ್ಕ್ ತಂದು ಹಾಕಿದರೆ ಅದೂ ಸ್ವಲ್ಪ ದಿನಕ್ಕೆ ಕಾಣೆಯಾಗುತ್ತದೆ. ಇದನ್ನು ಬೇರ್ಪಡಿಸಿ ನೋಡದೆ ಡಿಸ್ಕಿನ ಮೇಲೆ ತಪ್ಪು ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಹಣ ವ್ಯರ್ಥ ಅನ್ನುವುದಕ್ಕಿಂತ ಹೆಚ್ಚಾಗಿ, ಅದರಿಂದ ಡೇಟಾಗೇ ಅಪಾಯ.

ಮನೆಯ ಸರ್ವರುಗಳಲ್ಲಿ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಮಾನ್ಯ ರೀತಿ ಸಾಟಾ. ಅಂಥ ಡಿಸ್ಕಿನ ಹಿಂಬದಿ ನೋಡಿ. ಎರಡು ಕನೆಕ್ಟರ್ ಇವೆ. ಚಿಕ್ಕದು ಡೇಟಾಗೆ, 7 ಪಿನ್. ದೊಡ್ಡದು ಪವರ್‌ಗೆ, 15 ಪಿನ್. ಡೇಟಾದ ಏಳರಲ್ಲಿ ಮೂರು ಗ್ರೌಂಡ್, ಉಳಿದ ನಾಲ್ಕು ಎರಡು ಜೋಡಿ. ಒಂದು ಜೋಡಿ ಹೋಗುವುದಕ್ಕೆ, ಇನ್ನೊಂದು ಬರುವುದಕ್ಕೆ. ಆ ತೆಳ್ಳನೆಯ ಜೋಡಿ ತಂತಿಗಳಲ್ಲಿ ಸೆಕೆಂಡಿಗೆ 6 ಗಿಗಾಬಿಟ್ ಓಡುತ್ತದೆ. ಕೇಬಲ್ ಒಂದು ಮೀಟರಿಗಿಂತ ಉದ್ದ ಇರಬಾರದು ಅಂತ ನಿಯಮ ಇರುವುದೂ ಈ ವೇಗದಿಂದಲೇ. ಇನ್ನೊಂದು ಸಂಗತಿ ಹೆಚ್ಚು ಜನರ ಗಮನಕ್ಕೆ ಬಂದಿರುವುದಿಲ್ಲ. ಕ್ಯಾಬಿನೆಟ್ ಒಳಗೆ ಬಳಸುವ ಸಾಟಾ ಕೇಬಲಿನ ಕನೆಕ್ಟರನ್ನು ಸುಮಾರು 50 ಸಲ ಹಾಕಿ ತೆಗೆಯುವುದಕ್ಕೆ ಅಂತಲೇ ವಿನ್ಯಾಸ ಮಾಡಿರುತ್ತಾರೆ. ಅದು ಒಮ್ಮೆ ಹಾಕಿ ಬಿಟ್ಟುಬಿಡುವ ಸಾಮಾನು. ಹಳೆಯ ಮದರ್‌ಬೋರ್ಡಿನ ಜೊತೆ ಬಂದು, ಮೂರು ನಾಲ್ಕು ಕಂಪ್ಯೂಟರ್ ಸುತ್ತಿ, ಡ್ರಾಯರಿನಲ್ಲಿ ಮಡಚಿಕೊಂಡು ಬಿದ್ದಿದ್ದ ಕೇಬಲನ್ನು ಸರ್ವರಿಗೆ ಹಾಕುವಾಗ ಇದನ್ನು ನೆನಪಿಟ್ಟುಕೊಳ್ಳಬೇಕು.

ಡಿಸ್ಕ್ ಮಾಯವಾದಾಗ ಮೊದಲು ಕೈ ಹಾಕಬೇಕಾದ್ದು ಸ್ಕ್ರೂಡ್ರೈವರಿಗಲ್ಲ, ಲಾಗಿಗೆ. ಲಾಗ್ ಅಂದರೆ ಸಿಸ್ಟಮ್ ತನಗಾದದ್ದನ್ನು ಬರೆದಿಡುವ ದಿನಚರಿ. ಲಿನಕ್ಸ್ ಆಗಿದ್ದರೆ ಅದರ ತಿರುಳಾದ ಕರ್ನಲ್ ಬರೆಯುವ ಲಾಗ್. ರೀಬೂಟ್ ಮಾಡುವ ಮೊದಲೇ ಅದನ್ನು ಒಂದು ಫೈಲಿಗೆ ತೆಗೆದಿಟ್ಟುಕೊಳ್ಳಿ. ರೀಬೂಟ್ ಮಾಡಿದರೆ ಡಿಸ್ಕ್ ವಾಪಸ್ ಬರಬಹುದು, ಆದರೆ ಅದು ಹೋದದ್ದು ಹೇಗೆ ಅನ್ನುವ ಸಾಕ್ಷಿ ಅಳಿಸಿಹೋಗಬಹುದು. ಲಾಗಿನಲ್ಲಿ ಸಾಟಾ ಎರರ್ ಬಂದ ಕಡೆ ಬ್ರೇಸ್‌ಗಳ ನಡುವೆ ಒಂದೆರಡು ಚಿಕ್ಕ ಪದಗಳು ಇರುತ್ತವೆ. ನನ್ನ ಕಣ್ಣು ಮೊದಲು ಹುಡುಕುವುದು ಅವನ್ನೇ. ‘ಯುಎನ್‌ಸಿ’ ಅಂತ ಇದ್ದರೆ ಡಿಸ್ಕ್, ಡೇಟಾ ಬರೆದಿರುವ ತನ್ನ ತಟ್ಟೆಯ ಮೇಲಿಂದ ಓದಲು ಹೋಗಿ ಓದಲಾಗಲಿಲ್ಲ ಅಂತ ಅರ್ಥ. ಅದು ಡಿಸ್ಕಿನದೇ ತೊಂದರೆ. ‘ಐಸಿಆರ್‌ಸಿ’ ಅಂತ ಇದ್ದರೆ ಓದಿದ್ದು, ಬರೆದದ್ದು ಬಿಡಿ, ದಾರಿಯಲ್ಲಿ ಡೇಟಾ ಕೆಟ್ಟಿತು ಅಂತ ಅರ್ಥ. ಅದು ಕೇಬಲ್, ಕನೆಕ್ಟರ್ ಅಥವಾ ಪೋರ್ಟಿನ ಕಡೆ ಬೊಟ್ಟು ಮಾಡುತ್ತದೆ. ಎರಡೂ ಕೆಂಪಕ್ಷರದಲ್ಲೇ ಕಾಣುತ್ತವೆ, ಎರಡೂ ಒಂದೇ ಥರ ಹೆದರಿಸುತ್ತವೆ. ಆದರೆ ಹೇಳುವ ಕಥೆ ಪೂರ್ತಿ ಬೇರೆ.

ಅದರ ಆಸುಪಾಸಿನಲ್ಲೇ ‘ಹಾರ್ಡ್ ರೀಸೆಟಿಂಗ್ ಲಿಂಕ್’ ಅನ್ನುವ ಸಾಲು ಇರುತ್ತದೆ. ಸಂಪರ್ಕ ಕಡಿದು ಮತ್ತೆ ಜೋಡಿಸಲು ನೋಡುತ್ತಿದ್ದೇನೆ ಅಂತ ಕರ್ನಲ್ ಹೇಳುತ್ತಿದೆ. ಮತ್ತೆ ಮತ್ತೆ ಹೀಗಾದರೆ ಅದು ವೇಗ ಇಳಿಸಿ ನೋಡುತ್ತದೆ. 6 ರಿಂದ 3 ಗಿಗಾಬಿಟ್ಟಿಗೆ, ಅಲ್ಲಿಂದ 1.5ಕ್ಕೆ. ವೇಗ ಇಳಿಸಿದ ಮೇಲೆ ಎಲ್ಲ ಶಾಂತವಾಯಿತು ಅಂದರೆ ಕೇಬಲಿನ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಕಡಿಮೆ ವೇಗವನ್ನು ಸಾಧಾರಣ ಕೇಬಲ್ ಕೂಡ ತಡೆದುಕೊಳ್ಳುತ್ತದೆ. ಹೀಗೆ ಅರ್ಧ ವೇಗದಲ್ಲೇ ತಿಂಗಳುಗಟ್ಟಲೆ ಓಡುತ್ತಿರುವ ಡಿಸ್ಕುಗಳು ಬೇಕಾದಷ್ಟಿವೆ. ಲಾಗ್ ನೋಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಲಾಗ್ ಆದ ಮೇಲೆ ಸ್ಮಾರ್ಟ್. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಲೆಕ್ಕ ಅದು. ‘ಸ್ಮಾರ್ಟ್‌ಸಿಟಿಎಲ್’ ಕಮಾಂಡ್ ಕೊಟ್ಟರೆ ಉದ್ದನೆಯ ಪಟ್ಟಿ ಬರುತ್ತದೆ. ಅದರ ಮೇಲುಗಡೆ ‘ಪಾಸ್ಡ್’ ಅಂತ ಇರುವುದನ್ನು ನೋಡಿ ನಿಟ್ಟುಸಿರು ಬಿಡಬೇಡಿ. ಗೂಗಲ್ ತನ್ನ ಡೇಟಾ ಸೆಂಟರುಗಳ ಒಂದು ಲಕ್ಷಕ್ಕೂ ಮಿಕ್ಕಿದ ಡಿಸ್ಕುಗಳ ಮೇಲೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸ್ಮಾರ್ಟಿನ ನಾಲ್ಕು ಮುಖ್ಯ ಸೂಚನೆಗಳಲ್ಲಿ ಒಂದನ್ನೂ ಮೊದಲು ಕೊಟ್ಟಿರಲಿಲ್ಲ. ಹಾಗಾಗಿ ಸ್ಮಾರ್ಟ್ ಸ್ವಚ್ಛವಾಗಿದೆ ಅಂದ ಮಾತ್ರಕ್ಕೆ ಡಿಸ್ಕ್ ಚೆನ್ನಾಗಿದೆ ಅಂತಲ್ಲ. ಆದರೆ ಅಲ್ಲಿ ಏನಾದರೂ ಬರೆದಿದ್ದರೆ ಅದು ಬಹಳ ಉಪಯೋಗದ ಮಾತು.

5, 197, 198 ಈ ಮೂರು ಸಂಖ್ಯೆಯ ಸಾಲುಗಳು ಡಿಸ್ಕಿನ ಮೈಯ ಬಗ್ಗೆ ಹೇಳುತ್ತವೆ. ಸೆಕ್ಟರ್ ಅಂದರೆ ತಟ್ಟೆಯ ಮೇಲೆ ಡೇಟಾ ಇಡುವ ಪುಟ್ಟ ತುಂಡು. ಬೇರೆ ಕಡೆಗೆ ಸ್ಥಳಾಂತರಿಸಿದ ಸೆಕ್ಟರ್, ಓದಲಾಗದೆ ಬಾಕಿ ಉಳಿದ ಸೆಕ್ಟರ್, ಸರಿಪಡಿಸಲಾಗದ ಸೆಕ್ಟರ್. ಇವು ಏರುತ್ತಿದ್ದರೆ ಡಿಸ್ಕ್ ಬದಲಿಸಿ, ವಾದ ಬೇಡ. ಆದರೆ 199ನೇ ಸಾಲು, ‘ಯುಡಿಎಂಎ ಸಿಆರ್‌ಸಿ ಎರರ್ ಕೌಂಟ್’, ಡಿಸ್ಕಿನ ಬಗ್ಗೆ ಅಲ್ಲ, ದಾರಿಯ ಬಗ್ಗೆ. ಕೇಬಲಿನಲ್ಲಿ ಹೋಗುವ ಪ್ರತಿ ಕಂತಿನ ಡೇಟಾ ಜೊತೆ ತಾಳೆ ನೋಡುವ ಒಂದು ಸಂಖ್ಯೆ, ಚೆಕ್‌ಸಮ್, ಹೋಗುತ್ತದೆ. ತಲುಪಿದ ಕಡೆ ಲೆಕ್ಕ ತಾಳೆಯಾಗದಿದ್ದರೆ ಅದನ್ನು ಮತ್ತೆ ಕಳಿಸಬೇಕಾಗುತ್ತದೆ, ಡಿಸ್ಕ್ ತನ್ನ ಲೆಕ್ಕಕ್ಕೆ ಒಂದು ಸೇರಿಸುತ್ತದೆ. ಈ ಸಂಖ್ಯೆ ಏರುತ್ತದೆಯೇ ಹೊರತು ಎಂದೂ ಇಳಿಯುವುದಿಲ್ಲ. ಕೇಬಲ್ ಬದಲಿಸಿದರೂ ಹಳೆಯ ಎಣಿಕೆ ಹಾಗೇ ಉಳಿಯುತ್ತದೆ. ಇದು ತಿಳಿಯದೆ, ಹೊಸ ಕೇಬಲ್ ಹಾಕಿದ ಮೇಲೂ ಎರರ್ ಹೋಗಿಲ್ಲ ಅಂತ ಡಿಸ್ಕ್ ಎಸೆದವರನ್ನು ಕಂಡಿದ್ದೇನೆ. ನೋಡಬೇಕಾದ್ದು ಸಂಖ್ಯೆ ಎಷ್ಟಿದೆ ಅಂತಲ್ಲ. ಅದು ಇನ್ನೂ ಏರುತ್ತಿದೆಯೇ ಅಂತ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಡಿಸ್ಕಿನಲ್ಲೇ ಒಂದು ‘ಲಾಂಗ್ ಸೆಲ್ಫ್ ಟೆಸ್ಟ್’ ಇರುತ್ತದೆ. ಶುರು ಮಾಡು ಅಂದರೆ ಡಿಸ್ಕ್ ತನ್ನನ್ನು ತಾನು ಮೊದಲಿಂದ ಕೊನೆವರೆಗೂ ಓದಿಕೊಳ್ಳುತ್ತದೆ. ದೊಡ್ಡ ಡಿಸ್ಕುಗಳಲ್ಲಿ ಅರ್ಧ ದಿನ, ಕೆಲವೊಮ್ಮೆ ಒಂದು ದಿನವೇ ಹಿಡಿಯುತ್ತದೆ. ಇದರ ವಿಶೇಷ ಏನೆಂದರೆ, ಓದಿದ ಡೇಟಾ ಕೇಬಲಿನ ಮೂಲಕ ಹೊರಗೆ ಬರುವುದೇ ಇಲ್ಲ. ಎಲ್ಲ ಡಿಸ್ಕಿನ ಒಳಗೇ ನಡೆಯುತ್ತದೆ. ಹಾಗಾಗಿ ಈ ಪರೀಕ್ಷೆಯಲ್ಲಿ ಡಿಸ್ಕ್ ಪೂರ್ತಿ ಪಾಸಾಗಿ, ಅದೇ ಡಿಸ್ಕಿನಿಂದ ದೊಡ್ಡ ಫೈಲ್ ಕಾಪಿ ಮಾಡುವಾಗ ಎರರ್ ಬಂದರೆ, ತಟ್ಟೆಯ ಮೇಲಿನ ಅನುಮಾನ ಬಹುಪಾಲು ಹೋಗುತ್ತದೆ. ದಾರಿ ಹುಡುಕಬೇಕು. ಪರೀಕ್ಷೆ ನಡುವೆಯೇ ನಿಂತುಹೋಗುತ್ತಿದ್ದರೆ ಪವರ್ ಕಡೆ ನೋಡಬೇಕು.

ಈಗ ಪವರ್‌ಗೆ ಬರೋಣ. ನನ್ನ ಅನುಭವದಲ್ಲಿ ಜನ ಕೊನೆಗೆ ನೋಡುವುದು ಇದನ್ನು, ಮೊದಲು ನೋಡಬೇಕಾದ್ದೂ ಇದನ್ನೇ.

ಮೂರೂವರೆ ಇಂಚಿನ ಡಿಸ್ಕ್ ಸುಮ್ನೆ ತಿರುಗುತ್ತಿರುವಾಗ ಐದಾರು ವ್ಯಾಟ್ ಎಳೆಯುತ್ತದೆ, ಕೆಲಸ ಮಾಡುವಾಗ ಸ್ವಲ್ಪ ಜಾಸ್ತಿ. ಆದರೆ ನಿಂತ ತಟ್ಟೆಗಳನ್ನು ತಿರುಗಿಸಲು ಶುರು ಮಾಡುವ ಮೊದಲ ಕೆಲವು ಸೆಕೆಂಡು ಬೇರೆಯೇ ಲೆಕ್ಕ. 12 ವೋಲ್ಟಿನ ಲೈನಿನಲ್ಲಿ ಒಂದೊಂದು ಡಿಸ್ಕೂ 2 ಆಂಪಿಯರಿನ ಹತ್ತಿರ ಎಳೆಯುತ್ತದೆ, ಅಂದರೆ 24 ವ್ಯಾಟ್. ಆರು ಡಿಸ್ಕ್ ಒಟ್ಟಿಗೆ ಎದ್ದರೆ 12 ಆಂಪಿಯರ್, 144 ವ್ಯಾಟ್. ಪ್ರೊಸೆಸರ್, ಫ್ಯಾನು ಎಲ್ಲ ಅದರ ಮೇಲೆ. ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ, ಎಸ್‌ಎಂಪಿಎಸ್, ಅದರ ಮೇಲೆ ದೊಡ್ಡದಾಗಿ ಬರೆದಿರುವ ವ್ಯಾಟ್ ನೋಡಿ ತೃಪ್ತಿಪಟ್ಟರೆ ಸಾಲದು. ಪಕ್ಕದ ಚಿಕ್ಕ ಅಕ್ಷರದ ಪಟ್ಟಿಯಲ್ಲಿ 12 ವೋಲ್ಟಿಗೆ ಎಷ್ಟು ಆಂಪಿಯರ್ ಕೊಟ್ಟಿದ್ದಾರೆ ಅಂತ ನೋಡಬೇಕು. ಒಳಗಿನ ಕೆಪಾಸಿಟರುಗಳಿಗೆ ವಯಸ್ಸಾದ ಹಾಗೆ ಇದ್ದಕ್ಕಿದ್ದಂತೆ ಬರುವ ಬೇಡಿಕೆಯನ್ನು ತಡೆದುಕೊಳ್ಳುವ ಶಕ್ತಿಯೂ ಕಡಿಮೆಯಾಗುತ್ತದೆ. ಐದು ವರ್ಷ ಚೆನ್ನಾಗಿ ಓಡಿದ ಸರ್ವರ್ ಆರನೇ ವರ್ಷ ಡಿಸ್ಕ್ ಕಳೆದುಕೊಳ್ಳಲು ಶುರು ಮಾಡಿದರೆ, ಏನನ್ನೂ ಬದಲಿಸಿಲ್ಲವಲ್ಲ ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಇದನ್ನು ಯೋಚಿಸಿ.

12 ವೋಲ್ಟ್ ಲೈನು 11.4ಕ್ಕಿಂತ ಕೆಳಗೆ ಇಳಿಯಬಾರದು, 12.6 ದಾಟಬಾರದು. 5 ವೋಲ್ಟಿನದು 4.75 ಮತ್ತು 5.25ರ ನಡುವೆ ಇರಬೇಕು. ಮಲ್ಟಿಮೀಟರ್ ಇದ್ದರೆ ಅಳೆಯಬಹುದು. ಆದರೆ ಸರ್ವರ್ ಸುಮ್ಮನೆ ಕೂತಾಗ ಅಳೆದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಎಲ್ಲ ಡಿಸ್ಕಿನ ಮೇಲೂ ಕೆಲಸ ಬಿದ್ದಾಗ ಅಳೆಯಬೇಕು, ಅದೂ ಎಸ್‌ಎಂಪಿಎಸ್ ಹತ್ತಿರ ಅಲ್ಲ, ತೊಂದರೆ ಕೊಡುವ ಡಿಸ್ಕಿನ ಹತ್ತಿರದ ತುದಿಯಲ್ಲಿ. ದಾರಿಯಲ್ಲಿ ಎಷ್ಟು ಕಳೆದುಹೋಗುತ್ತಿದೆ ಅಂತ ಗೊತ್ತಾಗುವುದು ಅಲ್ಲೇ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುವ ಕುಸಿತವನ್ನು ಸಾಮಾನ್ಯ ಮೀಟರ್ ಹಿಡಿಯುವುದಿಲ್ಲ ಅನ್ನುವುದೂ ನೆನಪಿರಲಿ. ಮೀಟರ್ ಸರಿ ಅಂದಿತು ಅಂತ ಪವರ್ ಅನ್ನು ಪೂರ್ತಿ ಬಿಟ್ಟುಬಿಡಬಾರದು.

ವೋಲ್ಟೇಜ್ ಕುಸಿದಾಗ ಡಿಸ್ಕ್ ಒಳಗೆ ಏನಾಗುತ್ತದೆ ಅಂತ ತಿಳಿದಾಗ ನನಗೆ ಆ ಯಂತ್ರದ ಮೇಲೆ ಗೌರವ ಹೆಚ್ಚಾಯಿತು. ಓದಿ ಬರೆಯುವ ಹೆಡ್ಡುಗಳು ತಟ್ಟೆಯ ಮೇಲೆ ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ ಅಂತರದಲ್ಲಿ ತೇಲುತ್ತಿರುತ್ತವೆ. ತಟ್ಟೆ ನಿಧಾನವಾದರೆ ಆ ತೇಲುವಿಕೆ ಉಳಿಯುವುದಿಲ್ಲ. ಹಾಗಾಗಿ ಪವರ್ ಹೋಗುತ್ತಿದೆ ಅಂತ ಗೊತ್ತಾದ ತಕ್ಷಣ ಡಿಸ್ಕ್, ಇನ್ನೂ ತಿರುಗುತ್ತಿರುವ ತಟ್ಟೆಗಳ ರಭಸದಿಂದಲೇ ವಿದ್ಯುತ್ ತೆಗೆದು, ಹೆಡ್ಡುಗಳನ್ನು ತಮ್ಮ ಜಾಗಕ್ಕೆ ಎಳೆದುಕೊಳ್ಳುತ್ತದೆ. ಮೋಟಾರೇ ಆ ಹೊತ್ತಿಗೆ ಜನರೇಟರ್. ಅವಸರದಲ್ಲಿ ಎಳೆದಾಗ ‘ಟಕ್’ ಅಂತ ಸದ್ದು ಬರುತ್ತದೆ. ವೋಲ್ಟೇಜ್ ಮರುಕ್ಷಣವೇ ಸರಿಹೋದರೆ ಡಿಸ್ಕ್ ಮತ್ತೆ ಏಳುತ್ತದೆ, ಮತ್ತೆ ಕುಸಿದರೆ ಮತ್ತೆ ಟಕ್. ಕೇಳುವವರಿಗೆ ಹೆಡ್ ಹೋದ ಡಿಸ್ಕಿನ ಸದ್ದಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕ್ಲಿಕ್ ಕ್ಲಿಕ್ ಅಂದ ಕೂಡಲೇ ‘ಇದರ ಕಥೆ ಮುಗಿಯಿತು’ ಅನ್ನುತ್ತಾರೆ. ಕೆಲವು ಸಲ ಹಸಿದ ಡಿಸ್ಕೂ ಅದೇ ಸದ್ದು ಮಾಡುತ್ತದೆ. ಬೇರೆ ಡಿಸ್ಕುಗಳ ಪವರ್ ತೆಗೆದು ಅದೊಂದಕ್ಕೇ ಕೊಟ್ಟಾಗ ಸದ್ದಿಲ್ಲದೆ ಎದ್ದರೆ ಡಿಸ್ಕಿನ ತಪ್ಪಿಲ್ಲ. ಒಂಟಿಯಾಗಿದ್ದರೂ, ಬೇರೆ ಎಸ್‌ಎಂಪಿಎಸ್ ಕೊಟ್ಟರೂ ಟಕ್ ಅನ್ನುತ್ತಿದ್ದರೆ ತಕ್ಷಣ ಆಫ್ ಮಾಡಿ. ಅದರಲ್ಲಿರುವ ಡೇಟಾ ಬೇರೆಲ್ಲೂ ಇಲ್ಲದಿದ್ದರೆ ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ. ಹೆಡ್ ತಟ್ಟೆಯನ್ನು ಕೆರೆಯುತ್ತಿದ್ದರೆ ಪ್ರತಿ ಸಲವೂ ಇನ್ನಷ್ಟು ಡೇಟಾ ಹೋಗುತ್ತದೆ.

ಪವರ್ ತೊಂದರೆಯನ್ನು ಹಿಡಿಯಲು ನನಗೆ ಸಿಕ್ಕ ಅತ್ಯುತ್ತಮ ಉಪಾಯ ಮೀಟರಿನದಲ್ಲ, ಲೆಕ್ಕದ್ದು. ಸ್ಮಾರ್ಟ್ ಪಟ್ಟಿಯಲ್ಲಿ 12ನೇ ಸಾಲು ‘ಪವರ್ ಸೈಕಲ್ ಕೌಂಟ್’. ಡಿಸ್ಕಿಗೆ ಪವರ್ ಎಷ್ಟು ಸಲ ಹೋಗಿ ಬಂತು ಅನ್ನುವ ಎಣಿಕೆ. 192ನೇ ಸಾಲು, ಪವರ್ ಹೋದಾಗ ಹೆಡ್ಡುಗಳನ್ನು ಅವಸರದಲ್ಲಿ ಎಳೆದುಕೊಂಡದ್ದರ ಎಣಿಕೆ. ಒಂದೇ ಸರ್ವರಿನಲ್ಲಿ, ಒಂದೇ ದಿನ ಹಾಕಿದ ಡಿಸ್ಕುಗಳಿಗೆ ಪವರ್ ಹೋಗುವುದು ಬರುವುದು ಒಟ್ಟಿಗೇ ತಾನೆ? ಹಾಗಾದರೆ 12ನೇ ಸಾಲು ಎಲ್ಲದರಲ್ಲೂ ಹೆಚ್ಚು ಕಡಿಮೆ ಒಂದೇ ಇರಬೇಕು. ಒಂದರಲ್ಲಿ ಮಾತ್ರ ಜಾಸ್ತಿ ಇದೆ ಅಂದರೆ, ಸರ್ವರ್ ಆನ್ ಇರುವಾಗಲೇ ಅದೊಂದಕ್ಕೆ ಪವರ್ ಹೋಗಿ ಬಂದಿದೆ. ಡೇಟಾ ಕೇಬಲ್ ಲೂಸ್ ಆದರೆ ಈ ಎಣಿಕೆ ಏರುವುದಿಲ್ಲ. ಲಿಂಕ್ ಕಡಿದರೂ ಡಿಸ್ಕ್ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ.

ನನ್ನ ಸರ್ವರಿನಲ್ಲೇ ಇದನ್ನು ಕಣ್ಣಾರೆ ನೋಡಿದ್ದೇನೆ. ಒಂದು ಡಿಸ್ಕ್, ಎಲ್ಲ ಡಿಸ್ಕಿನ ಡೇಟಾವನ್ನೂ ಓದಿ ತಾಳೆ ನೋಡುವ ಸ್ಕ್ರಬ್ ನಡೆಯುವ ರಾತ್ರಿಗಳಲ್ಲಿ ಮಾತ್ರ ಮಾಯವಾಗುತ್ತಿತ್ತು. ಹಗಲಿಡೀ ಏನೂ ಇಲ್ಲ. 5, 197, 198 ಮೂರೂ ಸೊನ್ನೆ. 199 ಕೂಡ ಸೊನ್ನೆ. ಎಲ್ಲ ಡಿಸ್ಕುಗಳ 12ನೇ ಸಾಲನ್ನು ಒಂದರ ಕೆಳಗೆ ಒಂದು ಬರೆದುಕೊಂಡೆ. ಉಳಿದವುಗಳಲ್ಲಿ ನಲವತ್ತರ ಆಸುಪಾಸು, ಇದರಲ್ಲಿ ನೂರು ದಾಟಿತ್ತು. ಅಷ್ಟೇ ಅಲ್ಲ, ಎಂದೂ ಮಾಯವಾಗದ ಪಕ್ಕದ ಡಿಸ್ಕಿನಲ್ಲೂ ಅರವತ್ತರ ಮೇಲಿತ್ತು. ಇವೆರಡಕ್ಕೂ ಏನು ಸಂಬಂಧ ಅಂತ ಕ್ಯಾಬಿನೆಟ್ ತೆಗೆದು ನೋಡಿದರೆ ಎರಡೂ ಒಂದೇ ಸ್ಪ್ಲಿಟರಿನಿಂದ, ಅಂದರೆ ಒಂದು ಪವರ್ ಕೇಬಲನ್ನು ಹಲವಾಗಿ ಕವಲೊಡೆಸುವ ತುಂಡಿನಿಂದ, ಪವರ್ ಪಡೆಯುತ್ತಿದ್ದವು. ಸ್ಪ್ಲಿಟರನ್ನು ಬಿಚ್ಚಿ ಟಾರ್ಚ್ ಬೆಳಕಿನಲ್ಲಿ ಹಿಡಿದೆ. ಕಪ್ಪು ಪ್ಲಾಸ್ಟಿಕ್ ಆದ್ದರಿಂದ ಮೇಲುನೋಟಕ್ಕೆ ಏನೂ ಕಾಣುವುದಿಲ್ಲ. ಓರೆ ಮಾಡಿದಾಗ 12 ವೋಲ್ಟಿನ ಹಳದಿ ವೈರ್ ಒಳಗೆ ಹೋಗುವ ಜಾಗದಲ್ಲಿ ಅಂಚು ಚೂರು ಕರಗಿ ಹೊಳೆಯುತ್ತಿತ್ತು. ವೈರಿನ ಹಳದಿ ಬಣ್ಣ ಒಂದು ಉಗುರಿನಷ್ಟು ಉದ್ದಕ್ಕೆ ಕಂದಿತ್ತು. ಒಳಗಿನ ಒಂದು ಪಿನ್ನಿನ ಚಿನ್ನದ ಹೊಳಪು ಹೋಗಿ ಮಸಿ ಹಿಡಿದಂತಿತ್ತು. ಸ್ಪ್ಲಿಟರ್ ತೆಗೆದು ಎರಡು ಡಿಸ್ಕುಗಳನ್ನೂ ಎಸ್‌ಎಂಪಿಎಸ್‌ನ ಸ್ವಂತ ಕೇಬಲಿಗೆ ಕೊಟ್ಟ ಮೇಲೆ ಆ ಎಣಿಕೆಗಳು ಅಲ್ಲೇ ನಿಂತವು. ಅವತ್ತು ಮಾಯವಾಗುತ್ತಿದ್ದ ಡಿಸ್ಕ್ ಇವತ್ತಿಗೂ ಅದೇ ಜಾಗದಲ್ಲಿ ಓಡುತ್ತಿದೆ.

ಸ್ಪ್ಲಿಟರಿನ ವಿಷಯ ಬಂದದ್ದರಿಂದ ಸ್ವಲ್ಪ ಹೇಳಲೇಬೇಕು. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಮೂರು ಪಿನ್, ಒಂದೊಂದಕ್ಕೆ 1.5 ಆಂಪಿಯರ್ ಮಿತಿ. ಒಟ್ಟು 4.5. ಅಂದರೆ ಒಂದು ಸಾಟಾ ಕನೆಕ್ಟರಿನಿಂದ ನಾಲ್ಕು ಡಿಸ್ಕಿಗೆ ಕವಲು ತೆಗೆದರೆ, ಎಲ್ಲ ಒಟ್ಟಿಗೆ ಏಳುವಾಗ 8 ಆಂಪಿಯರ್ ಆ ಮೂರು ಪುಟ್ಟ ಪಿನ್ನುಗಳ ಮೂಲಕ ಹೋಗಬೇಕು. ಮಾರುಕಟ್ಟೆಯಲ್ಲಿ ಇಂಥವು ಧಾರಾಳವಾಗಿ ಸಿಗುತ್ತವೆ ಅನ್ನುವುದೇ ಬೇಸರದ ಸಂಗತಿ. ಹಳೆಯ ಕಾಲದ ದೊಡ್ಡ ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರಿನ ಪಿನ್ನುಗಳು ಇದಕ್ಕಿಂತ ಎಷ್ಟೋ ಹೆಚ್ಚು ಹೊರುತ್ತವೆ. ಕವಲು ತೆಗೆಯಲೇಬೇಕಿದ್ದರೆ ಅಲ್ಲಿಂದ ತೆಗೆಯುವುದು ವಾಸಿ. ಆದರೆ ಅದರ ಸಾಟಾ ತುದಿ ಹೇಗೆ ಮಾಡಿದ್ದು ಅಂತ ನೋಡಬೇಕು. ವೈರುಗಳನ್ನು ಇಟ್ಟು ಮೇಲೆ ಬಿಸಿ ಪ್ಲಾಸ್ಟಿಕ್ ಎರಕ ಹೊಯ್ದದ್ದಾದರೆ ಬೇಡ. ಒಳಗೆ ವೈರು ಸರಿದು ಒಂದಕ್ಕೊಂದು ಹತ್ತಿರವಾಗಿದ್ದರೂ ಹೊರಗಿನಿಂದ ಕಾಣುವುದಿಲ್ಲ, ಅವು ಶಾರ್ಟ್ ಆಗಿ ಹೊತ್ತಿಕೊಂಡ ಉದಾಹರಣೆಗಳಿವೆ. ಒಂದೊಂದು ವೈರಿಗೂ ಪ್ರತ್ಯೇಕ ಪಿನ್ ಅದುಮಿ ಕೂರಿಸಿ, ಹಿಂದೆ ಮುಚ್ಚಳ ಹಾಕಿದ್ದು ಒಳ್ಳೆಯದು. ಹಗಲೂ ರಾತ್ರಿ ಓಡುವ, ಯಾರೂ ಪಕ್ಕದಲ್ಲಿ ಕೂತು ನೋಡದ ಯಂತ್ರ ಇದು. ಇಲ್ಲಿ ಉಳಿತಾಯ ಮಾಡಬಾರದು.

ಇದಕ್ಕಿಂತಲೂ ದೊಡ್ಡ ಅನಾಹುತ ಇನ್ನೊಂದಿದೆ. ಕೇಬಲ್ ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಇರುತ್ತವಲ್ಲ, ಅವುಗಳ ಕೇಬಲನ್ನು ಒಂದರದ್ದು ಇನ್ನೊಂದಕ್ಕೆ ಹಾಕಬೇಡಿ. ಡಿಸ್ಕಿನ ಕಡೆಯ ತುದಿಗೆ ನಿಯಮ ಇದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಒಂದೇ ಕಂಪನಿಯ ಎರಡು ಮಾಡೆಲ್ ನಡುವೆಯೂ ಪಿನ್ನುಗಳ ಕ್ರಮ ಬದಲಾಗಿರಬಹುದು. ಕನೆಕ್ಟರ್ ಸಲೀಸಾಗಿ ಕೂರುತ್ತದೆ. ಆನ್ ಮಾಡಿದಾಗ 5 ವೋಲ್ಟ್ ಹೋಗಬೇಕಾದ ಕಡೆ 12 ಹೋದರೆ ಆ ಕೇಬಲಿನ ಎಲ್ಲ ಡಿಸ್ಕುಗಳೂ ಒಂದೇ ಏಟಿಗೆ ಹೋಗುತ್ತವೆ. ರೇಡ್ ಇಲ್ಲಿ ಏನೂ ಮಾಡಲಾರದು. ಎಸ್‌ಎಂಪಿಎಸ್ ಬದಲಿಸುವಾಗ ಹಳೆಯ ಕೇಬಲುಗಳನ್ನು ಹಾಗೇ ಉಳಿಸಿಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ, ಅಚ್ಚುಕಟ್ಟಾಗಿ ಕಟ್ಟಿದ್ದನ್ನು ಬಿಚ್ಚುವುದು ಯಾಕೆ ಅಂತ. ದಯವಿಟ್ಟು ಬಿಚ್ಚಿ.

ಡಿಸ್ಕ್ ಸದ್ದೇ ಮಾಡದೆ, ತಿರುಗದೆ, ಕಲ್ಲಿನ ಹಾಗೆ ಕೂತಿದ್ದರೆ ಇನ್ನೊಂದು ಕಾರಣ ಇರಬಹುದು. 2016ರ ಸಾಟಾ 3.3 ನಿಯಮದಲ್ಲಿ ಪವರ್ ಕನೆಕ್ಟರಿನ ಮೂರನೇ ಪಿನ್ನಿಗೆ ಹೊಸ ಕೆಲಸ ಕೊಟ್ಟರು. ಅಲ್ಲಿ ವೋಲ್ಟೇಜ್ ಬಂದರೆ ಡಿಸ್ಕ್ ಆಫ್ ಆಗಿರಬೇಕು. ಸಾವಿರಾರು ಡಿಸ್ಕ್ ಇರುವ ಕಡೆ ದೂರದಿಂದಲೇ ಒಂದನ್ನು ಆಫ್ ಮಾಡಿ ಆನ್ ಮಾಡಲು ಇದು ಅನುಕೂಲ. ಆದರೆ ಹಳೆಯ ಎಸ್‌ಎಂಪಿಎಸ್‌ಗಳು ಅದೇ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತವೆ. ಹಾಗಾಗಿ ಎಕ್ಸ್‌ಟರ್ನಲ್ ಡಬ್ಬಿಯಿಂದ ಬಿಚ್ಚಿ ತೆಗೆದ ದೊಡ್ಡ ಡಿಸ್ಕುಗಳಲ್ಲಿ ಕೆಲವು ಸರ್ವರಿನಲ್ಲಿ ಏಳುವುದೇ ಇಲ್ಲ. ಡಿಸ್ಕ್ ಹೊಚ್ಚ ಹೊಸದು, ಚೆನ್ನಾಗಿಯೇ ಇದೆ. ಡೇಟಾ ಕನೆಕ್ಟರಿನ ಕಡೆಯಿಂದ ಎಣಿಸಿದರೆ ಮೂರನೆಯದಾದ ಆ ಪಿನ್ನಿನ ಮೇಲೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪಿನ ಸಣ್ಣ ಪಟ್ಟಿ ಅಂಟಿಸಿದರೆ ಎದ್ದು ಕೂರುತ್ತದೆ. ಮೊಲೆಕ್ಸ್‌ನಲ್ಲಿ 3.3 ವೋಲ್ಟಿನ ವೈರೇ ಇಲ್ಲದಿರುವುದರಿಂದ ಅಲ್ಲಿಂದ ಪವರ್ ಕೊಟ್ಟರೂ ಆಗುತ್ತದೆ.

ಮದರ್‌ಬೋರ್ಡಿನ ಮೇಲೇ ಕೂರುವ ಎಂ.2 ಎಸ್‌ಎಸ್‌ಡಿ ಹಾಕಿದ ದಿನವೇ ಒಂದೆರಡು ಸಾಟಾ ಡಿಸ್ಕ್ ಮಾಯವಾದರೆ ಮದರ್‌ಬೋರ್ಡಿನ ಮ್ಯಾನ್ಯುಯಲ್ ತೆಗೆದು ನೋಡಿ. ಆ ಸ್ಲಾಟ್ ಬಳಸಿದಾಗ ಇಂತಿಂಥ ಸಾಟಾ ಪೋರ್ಟ್ ಆಫ್ ಆಗುತ್ತದೆ ಅಂತ ಬಹಳ ಬೋರ್ಡುಗಳಲ್ಲಿ ಇರುತ್ತದೆ. ಡಿಸ್ಕನ್ನು ಬೇರೆ ಪೋರ್ಟಿಗೆ ಹಾಕಿದರೆ ಮುಗಿಯಿತು.

ರಾಸ್ಪ್‌ಬೆರಿ ಪೈ ಥರದ ಪುಟ್ಟ ಬೋರ್ಡಿಗೆ ಯುಎಸ್‌ಬಿ ಡಿಸ್ಕ್ ಸಿಕ್ಕಿಸಿ ಸರ್ವರ್ ಮಾಡಿಕೊಂಡವರ ಕಷ್ಟ ಬೇರೆ. ಅಲ್ಲಿ ಮುಕ್ಕಾಲು ಪಾಲು ತೊಂದರೆ ಪವರಿನದೇ. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟುಗಳಿಗೆ ಸೇರಿ ಸಿಗುವುದು 1.2 ಆಂಪಿಯರ್. ಎರಡೂವರೆ ಇಂಚಿನ ಒಂದು ಡಿಸ್ಕ್ ಏಳುವಾಗಲೇ 1 ಆಂಪಿಯರಿನ ಹತ್ತಿರ ಕೇಳುತ್ತದೆ. ಎರಡನೆಯದು ಸಿಕ್ಕಿಸಿದರೆ ಎರಡೂ ನಿಲ್ಲುವುದಿಲ್ಲ. ಲಾಗಿನಲ್ಲಿ ‘ಅಂಡರ್ ವೋಲ್ಟೇಜ್ ಡಿಟೆಕ್ಟೆಡ್’ ಅನ್ನುವ ಸಾಲು ಕಂಡರೆ ಬೇರೇನೂ ಹುಡುಕಬೇಡಿ. ಸ್ವಂತ ಅಡಾಪ್ಟರ್ ಇರುವ ಹಬ್ ಅಥವಾ ಡಿಸ್ಕ್ ಡಬ್ಬಿ ತನ್ನಿ.

ಕೇಬಲ್, ಪವರ್ ಎರಡೂ ಸರಿಯಿದ್ದು ಡಿಸ್ಕ್ ಹೊರಬೀಳುವುದೂ ಉಂಟು. ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಒಂದು ಸೆಕ್ಟರ್ ಓದಲು ಕಷ್ಟವಾದರೆ ಬಿಡದೆ ಪ್ರಯತ್ನಿಸುತ್ತಲೇ ಇರುತ್ತದೆ, ಕೆಲವೊಮ್ಮೆ ಒಂದು ನಿಮಿಷಕ್ಕೂ ಮಿಕ್ಕಿ. ಆದರೆ ಲಿನಕ್ಸ್ ಕಾಯುವುದು ಸಾಮಾನ್ಯವಾಗಿ 30 ಸೆಕೆಂಡ್. ಆಮೇಲೆ ಡಿಸ್ಕ್ ಸತ್ತಿದೆ ಅಂತ ತೀರ್ಮಾನಿಸಿ ಲಿಂಕ್ ರೀಸೆಟ್ ಮಾಡುತ್ತದೆ. ನಾಸ್‌ಗೆಂದೇ, ಅಂದರೆ ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ಸರ್ವರಿಗೆಂದೇ, ಮಾಡಿದ ಡಿಸ್ಕುಗಳು 7 ಸೆಕೆಂಡಿನ ಸುಮಾರಿಗೆ ಕೈಚೆಲ್ಲಿ, ಓದಲಾಗಲಿಲ್ಲ ಅಂತ ಹೇಳಿಬಿಡುತ್ತವೆ. ಆಗ ರೇಡ್ ಆ ಭಾಗವನ್ನು ಬೇರೆ ಡಿಸ್ಕುಗಳಿಂದ ತೆಗೆದು ಸರಿಮಾಡುತ್ತದೆ. ಸ್ಮಾರ್ಟ್‌ಸಿಟಿಎಲ್‌ನ ‘ಎಸ್‌ಸಿಟಿಇಆರ್‌ಸಿ’ ಆಯ್ಕೆಯಲ್ಲಿ ಈ ಅವಧಿ ನೋಡಬಹುದು, ಡಿಸ್ಕ್ ಒಪ್ಪಿದರೆ ಬದಲಿಸಲೂಬಹುದು.

ಇನ್ನು ಹುಡುಕುವ ರೀತಿ. ಮೊದಲು ಡೇಟಾ. ಸದ್ಯ ಓದಲು ಸಿಗುತ್ತಿರುವುದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿ. ಇದಾಗುವ ಮುಂಚೆ ರೀಬಿಲ್ಡ್ ಬೇಡವೇ ಬೇಡ. ರೀಬಿಲ್ಡ್ ಅಂದರೆ ಉಳಿದ ಎಲ್ಲ ಡಿಸ್ಕುಗಳನ್ನೂ ಒಟ್ಟಿಗೆ, ಮೊದಲಿಂದ ಕೊನೆವರೆಗೂ ಗಂಟೆಗಟ್ಟಲೆ ಓದುವುದು. ಪವರ್ ಸೊರಗಿದ್ದರೆ ಎರಡನೇ ಡಿಸ್ಕ್ ಬೀಳುವುದು ಸರಿಯಾಗಿ ಆ ಹೊತ್ತಿನಲ್ಲೇ. ಒಂದು ಡಿಸ್ಕ್ ಹೋದರೆ ಮಾತ್ರ ತಡೆಯುವ ರೇಡ್ 5ರಲ್ಲಿ ಎರಡು ಬಿದ್ದರೆ ಅಲ್ಲಿಗೆ ಮುಗಿಯಿತು. ಡಿಸ್ಕ್ ಚೆನ್ನಾಗಿದ್ದು ದಾರಿ ಮಾತ್ರ ಕೆಟ್ಟಿದ್ದರೆ ಪೂರ್ತಿ ರೀಬಿಲ್ಡ್ ಬೇಕೂ ಆಗುವುದಿಲ್ಲ. ರೇಡ್ ಕೆಲಸವನ್ನೂ ತಾನೇ ಮಾಡುವ ಫೈಲ್ ಸಿಸ್ಟಮ್ ಝಡ್‌ಎಫ್‌ಎಸ್ ಆಗಲಿ, ಬದಲಾದ ಜಾಗಗಳ ಗುರುತು (ಬಿಟ್‌ಮ್ಯಾಪ್) ಇಟ್ಟುಕೊಳ್ಳುವ ಲಿನಕ್ಸ್ ರೇಡ್ ಆಗಲಿ, ಅದೇ ಡಿಸ್ಕ್ ಮರಳಿ ಬಂದರೆ ಅದು ಇಲ್ಲದಿದ್ದಾಗ ಬದಲಾದಷ್ಟನ್ನು ಮಾತ್ರ ತುಂಬಿಕೊಳ್ಳುತ್ತವೆ. ಹಲವು ಗಂಟೆಯ ಕೆಲಸ ಕೆಲವು ನಿಮಿಷದಲ್ಲಿ ಆಗುತ್ತದೆ.

ಆಮೇಲೆ ಗುರುತು. ಲಿನಕ್ಸ್ ಡಿಸ್ಕಿಗೆ ಕೊಡುವ ‘ಎಸ್‌ಡಿಎ’, ‘ಎಸ್‌ಡಿಬಿ’ ಹೆಸರುಗಳು ರೀಬೂಟ್ ಆದಾಗ ಅದಲುಬದಲಾಗಬಹುದು. ಅವನ್ನು ನಂಬಿ ಡಿಸ್ಕ್ ಕೀಳಬೇಡಿ. ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದ ಚೀಟಿಯನ್ನು ಪ್ರತಿ ಡಿಸ್ಕಿನ ಎದುರು ಬದಿಗೆ ಅಂಟಿಸಿಡಿ. ಕೇಬಲಿನ ಎರಡೂ ತುದಿಗೂ ಒಂದೊಂದು ಚೀಟಿ ಇರಲಿ.

ಇಷ್ಟಾದ ಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆ ಹೋಗಬಹುದು, ಆದರೆ ಎಲ್ಲಿತ್ತು ಅಂತ ಎಂದಿಗೂ ಗೊತ್ತಾಗುವುದಿಲ್ಲ. ಸರ್ವರ್ ಪೂರ್ತಿ ಆಫ್ ಮಾಡಿ, ತೊಂದರೆಯ ಡಿಸ್ಕಿನ ಡೇಟಾ ಕೇಬಲನ್ನು ಚೆನ್ನಾಗಿರುವ ಡಿಸ್ಕಿಗೆ, ಅದರದ್ದನ್ನು ಇದಕ್ಕೆ ಹಾಕಿ. ಪವರ್ ಕೇಬಲ್ ಮುಟ್ಟಬೇಡಿ. ತೊಂದರೆ ಪಕ್ಕದ ಡಿಸ್ಕಿಗೆ ಹೋಯಿತೇ? ಹಾಗಿದ್ದರೆ ಕೇಬಲ್ ಅಥವಾ ಪೋರ್ಟ್. ಅದೇ ಡಿಸ್ಕಿನಲ್ಲಿ ಉಳಿಯಿತೇ? ಡಿಸ್ಕ್ ಅಥವಾ ಪವರ್. ಎರಡನೇ ಸಲ ಪವರ್ ಕನೆಕ್ಟರ್ ಅದಲುಬದಲು ಮಾಡಿ. ಮೆಲ್ಲಗೆ ಎಲ್ಲ ಬಿಡಿಸಿಕೊಳ್ಳುತ್ತದೆ.

ಈ ಹಂತದಲ್ಲಿ ಒಂದು ಸಂಗತಿ ದಾರಿ ತಪ್ಪಿಸುತ್ತದೆ. ಎಷ್ಟೋ ಸಲ ಕೇಬಲನ್ನು ಕಿತ್ತು ಮತ್ತೆ ಅದೇ ಜಾಗಕ್ಕೆ ಹಾಕಿದರೆ ಸಾಕು, ಎಲ್ಲ ಸರಿಹೋಗುತ್ತದೆ. ಟಿವಿ ರಿಮೋಟಿನ ಸೆಲ್ಲನ್ನು ಬೆರಳಿನಿಂದ ಒಮ್ಮೆ ತಿರುಗಿಸಿದರೆ ಮತ್ತೆ ಕೆಲಸ ಮಾಡುತ್ತದಲ್ಲ, ಹಾಗೆ. ಫ್ಯಾನು, ಡಿಸ್ಕುಗಳ ಅದುರುವಿಕೆಗೆ ಕನೆಕ್ಟರಿನ ಪಿನ್ನುಗಳು ಕಣ್ಣಿಗೆ ಕಾಣದಷ್ಟು ಉಜ್ಜಿಕೊಳ್ಳುತ್ತಲೇ ಇರುತ್ತವೆ. ಮೇಲಿನ ಲೇಪ ಸವೆದು ಅಡಿಯ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಕಿತ್ತು ಹಾಕಿದಾಗ ಆ ಪದರ ಒರೆಸಿಹೋಗುತ್ತದೆ. ಆದರೆ ಸವೆದ ಲೇಪ ವಾಪಸ್ ಬರುವುದಿಲ್ಲ. ಕೆಲವು ವಾರ ಚೆನ್ನಾಗಿರುತ್ತದೆ, ಮತ್ತೆ ಅದೇ ಕಥೆ. ಹಾಗಾಗಿ ಕಿತ್ತು ಹಾಕಿದ್ದರಿಂದ ಸರಿಹೋಯಿತು ಅಂದರೆ ದುರಸ್ತಿ ಆಯಿತು ಅಂತಲ್ಲ. ತೊಂದರೆ ಆ ಕೀಲಿನಲ್ಲೇ ಇದೆ ಅಂತ ಪತ್ತೆಯಾಯಿತು ಅಷ್ಟೇ. ಕೇಬಲ್ ಬದಲಿಸಿ, ಲೋಹದ ಕ್ಲಿಪ್ ಇರುವುದನ್ನು ಹಾಕಿ. ಕೇಬಲುಗಳನ್ನು ಅಂದಕ್ಕೆಂದು ಒಟ್ಟಿಗೆ ಬಿಗಿದು ಕಟ್ಟಬೇಡಿ, ಮಡಚಿ ಮೂಲೆಗೆ ತುರುಕಬೇಡಿ.

ಬದಲಿಸಿದ ದಿನ 12, 192, 199 ಮೂರೂ ಸಂಖ್ಯೆಗಳನ್ನು ತಾರೀಖಿನ ಜೊತೆ ಬರೆದಿಟ್ಟು, ಒಂದು ಪೂರ್ತಿ ಸ್ಕ್ರಬ್ ಓಡಿಸಿ. ಮುಗಿದ ಮೇಲೆ ಮತ್ತೆ ನೋಡಿ. ಮೂರೂ ಅಲ್ಲೇ ಇದ್ದರೆ, ಒಂದು ತಿಂಗಳು ಬಿಟ್ಟು ಇನ್ನೊಂದು ಸ್ಕ್ರಬ್ ಆದ ಮೇಲೂ ಅಲ್ಲೇ ಇದ್ದರೆ, ಡಿಸ್ಕನ್ನು ನಂಬಬಹುದು. ತೆಗೆದ ಕೇಬಲನ್ನು ಮಾತ್ರ ಡ್ರಾಯರಿಗೆ ಹಾಕಬೇಡಿ. ನೋಡಲು ಅದು ಒಳ್ಳೆಯ ಕೇಬಲಿನ ಹಾಗೆಯೇ ಇರುತ್ತದೆ. ಮುಂದೊಂದು ದಿನ ನೀವೋ ಮನೆಯಲ್ಲಿ ಇನ್ಯಾರೋ ಅದನ್ನೇ ತೆಗೆದು ಇನ್ನೊಂದು ಡಿಸ್ಕಿಗೆ ಹಾಕುತ್ತೀರಿ. ಕತ್ತರಿ ತೆಗೆದುಕೊಂಡು ಎರಡು ತುಂಡು ಮಾಡಿ, ಆಮೇಲೆ ಬಿಸಾಡಿ.